ಫುಟ್ಬಾಲ್ ವೀರ ಫ್ರಿಟ್ಜ್ ಪೊಲಾರ್ಡ್

ಫುಟ್ಬಾಲ್ ಎಂದೊಡನೆ ನಮಗೆ ನೆನಪಾಗುವುದು ಕಾಲಿನಿಂದ ಒದೆಯುವ ದುಂಡನೆಯ ಚೆಂಡು. ಅಮೆರಿಕದ ಫುಟ್ಬಾಲೇ ಬೇರೆ. ಅಲ್ಲಿಯ ಚೆಂಡು ಮೊಟ್ಟೆಯ ಆಕಾರದ್ದು. ಅದನ್ನು ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಎದುರಾಳಿಗಳು ಮೇಲೆರಗಿ ಕೆಡವುತ್ತಾರೆ. ಚೆಂಡನ್ನು ಮೊದಲು ಪಡೆದು ದಾಳಿಯನ್ನು ನಡೆಸುವ ಆಟಗಾರನೇ ಕ್ವಾರ್ಟರ್‌ಬ್ಯಾಕ್. ಈ ಆಟದಲ್ಲಿ ಹೆಸರು ಮಾಡಿದ ಫ್ರಿಟ್ಜ್ ಪೊಲಾರ್ಡರ ಜೀವನ ನಾವೆಲ್ಲರೂ ಅರಿಯತಕ್ಕದ್ದು.

ಪೊಲಾರ್ಡರು 1894ರ ಜನವರಿ 27ರಂದು ಷಿಕಾಗೋ ನಗರದ ಕರಿಯ ಜನಾಂಗದ ಕುಟುಂಬವೊಂದರಲ್ಲಿ ಜನಿಸಿದರು. ತಂದೆಯದು ಕ್ಷೌರದ ವೃತ್ತಿ. ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡೆರಿಕ್ ಡಗ್ಲಸ್‌ರ ಹೆಸರನ್ನೇ ತಂದೆತಾಯಿ ಮಗನಿಗೆ ಇಟ್ಟಿದ್ದರು. ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ, 1916ರಲ್ಲಿ, ಪ್ರಸಿದ್ಧವಾದ ರೋಸ್ ಬೌಲ್ ಪಂದ್ಯದಲ್ಲಿ ಅವರು ಆಡಿದರು. ಆ ಪಂದ್ಯದಲ್ಲಿ ಆಡಿದ ಕರಿಯರಲ್ಲಿ ಅವರೇ ಮೊದಲಿಗರು.

1920ರಲ್ಲಿ ವೃತ್ತಿಪರ ಲೀಗ್ ಆರಂಭವಾಯಿತು. ಪೊಲಾರ್ಡರಿದ್ದ ಆಕ್ರನ್ ತಂಡವು ಒಂದೂ ಪಂದ್ಯ ಸೋಲದೆ ಮೊದಲ ವರ್ಷವೇ ಚಾಂಪಿಯನ್ ಆಯಿತು. ಆದರೆ ಬಿಳಿಯ ಪ್ರೇಕ್ಷಕರಲ್ಲಿ ಹಲವರು ಅವರನ್ನು ಹೀಯಾಳಿಸುತ್ತಿದ್ದರು. ಸಹ ಆಟಗಾರರೊಡನೆ ಉಡುಪು ಬದಲಾಯಿಸುವ ಅವಕಾಶವಿಲ್ಲದೆ, ಮಾಲೀಕರ ಸಿಗಾರ್ ಕಾರ್ಖಾನೆಯಲ್ಲಿ ಸಿದ್ಧರಾಗಿ ಮೈದಾನಕ್ಕೆ ಬರಬೇಕಾಗಿತ್ತು. ಕೆಳಕ್ಕೆ ಬಿದ್ದಾಗ ಎದುರಾಳಿಗಳು ಬೇಕೆಂದೇ ಮೈಮೇಲೆ ಬೀಳುತ್ತಿದ್ದರು. ಪೊಲಾರ್ಡರು ಕೂಡಲೇ ಅಂಗಾತ ಹೊರಳಿ ಎರಡೂ ಕಾಲುಗಳನ್ನು ಮೇಲೆತ್ತಿ ತಮ್ಮನ್ನು ಕಾಪಾಡಿಕೊಳ್ಳುತ್ತಿದ್ದರು. ಕೈಮಾಡಿ ಜಗಳಕ್ಕಿಳಿದರೆ ಆಟದಿಂದಲೇ ಹೊರಬೀಳಬೇಕಾದೀತೆಂಬುದು ಅವರಿಗೆ ತಿಳಿದಿತ್ತು.

1921ರಲ್ಲಿ ಆಟಗಾರರಾಗಿದ್ದುಕೊಂಡೇ ಆಕ್ರನ್ ತಂಡದ ತರಬೇತುದಾರರೂ ಆದರು. ಲೀಗಿನ ಮೊದಲ ಕರಿಯ ತರಬೇತುದಾರರು ಅವರೇ. 1923ರಲ್ಲಿ ಹ್ಯಾಮಂಡ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿ ಆಡಿ ಆ ಸ್ಥಾನಕ್ಕೂ ಮೊದಲಿಗರಾದರು.

1926ರ ಬಳಿಕ ಅವರಿಗೆ ಲೀಗಿನಲ್ಲಿ ಸ್ಥಾನವಿಲ್ಲವಾಯಿತು. 1934ರಿಂದ 1945ರವರೆಗೆ ಅಲ್ಲಿ ಒಬ್ಬನೇ ಒಬ್ಬ ಕರಿಯ ಆಟಗಾರನೂ ಇರಲಿಲ್ಲ. ಹೀಗೆಂದು ಬರೆದಿಟ್ಟ ನಿಯಮ ಇರಲಿಲ್ಲ. ಬಾಗಿಲು ಮಾತ್ರ ಮುಚ್ಚಿತ್ತು. ಪೊಲಾರ್ಡರು ಕೈಕಟ್ಟಿ ಕೂರಲಿಲ್ಲ. ಷಿಕಾಗೋದಲ್ಲಿಯೂ, ಬಳಿಕ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿಯೂ ಕರಿಯ ಆಟಗಾರರ ತಂಡಗಳನ್ನು ತರಬೇತುಗೊಳಿಸಿದರು, ವೃತ್ತಪತ್ರಿಕೆಯೊಂದನ್ನೂ ನಡೆಸಿದರು. 1946ರಲ್ಲಿ ಲೀಗಿನ ಬಾಗಿಲು ಕರಿಯ ಆಟಗಾರರಿಗೆ ಮತ್ತೆ ತೆರೆಯಿತು. ಅಷ್ಟರಲ್ಲಿ ಅವರಿಗೆ ಐವತ್ತು ದಾಟಿತ್ತು.

1986ರ ಮೇ 11ರಂದು, ತಮ್ಮ 92ನೆಯ ವಯಸ್ಸಿನಲ್ಲಿ, ಪೊಲಾರ್ಡರು ನಿಧನರಾದರು. ಲೀಗಿನಲ್ಲಿ ಇನ್ನೊಬ್ಬ ಕರಿಯರು ಮುಖ್ಯ ತರಬೇತುದಾರರಾದುದು 1989ರಲ್ಲಿ. ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ವೃತ್ತಿಪರ ಫುಟ್ಬಾಲಿನ ಕೀರ್ತಿಮಂದಿರದಲ್ಲಿ ಅವರ ಹೆಸರು ಸೇರಿದ್ದು 2005ರಲ್ಲಿ.

ವಿದ್ಯಾರ್ಥಿಗಳೇ, ಮೈದಾನದಲ್ಲಿ ಗೆದ್ದವರನ್ನು ನಾವು ಚಪ್ಪಾಳೆ ತಟ್ಟಿ ಮೆಚ್ಚುತ್ತೇವೆ. ಆದರೆ ಮೈದಾನದ ಹೊರಗೇ ಯಾರನ್ನಾದರೂ ನಿಲ್ಲಿಸಿದ್ದೇವೆಯೇ ಎಂಬುದನ್ನೂ ನೋಡಿಕೊಳ್ಳೋಣ. ಪೊಲಾರ್ಡರ ಜೀವನದಿಂದ ನಾವು ಕಲಿಯಬೇಕಾದ ಪಾಠವಿದು.