ಜೇಮ್ಸ್ ಯೂಯಿಂಗ್

ಜೇಮ್ಸ್ ಯೂಯಿಂಗ್ (ಡಿಸೆಂಬರ್ 25, 1866 – ಮೇ 16, 1943) ಅಮೆರಿಕದ ಪ್ರಸಿದ್ಧ ರೋಗಶಾಸ್ತ್ರಜ್ಞರು. ಮಕ್ಕಳು ಹಾಗೂ ಹದಿಹರೆಯದವರ ಮೂಳೆಗಳಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಕ್ಯಾನ್ಸರನ್ನು ಪ್ರತ್ಯೇಕ ರೋಗವೆಂದು ಗುರುತಿಸಿದವರು ಇವರು. ಆ ರೋಗವನ್ನು ಇಂದು ಯೂಯಿಂಗ್ ಸಾರ್ಕೋಮಾ ಎಂದು ಕರೆಯುತ್ತಾರೆ. ಇವರ ಹೆಸರನ್ನು ಕನ್ನಡದಲ್ಲಿ ಎವಿಂಗ್, ಈವಿಂಗ್ ಎಂದೂ ಬರೆಯುವುದುಂಟು.

ಬಾಲ್ಯ ಮತ್ತು ಶಿಕ್ಷಣ

ಯೂಯಿಂಗ್ ಜನಿಸಿದ್ದು ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರದಲ್ಲಿ. ತಂದೆ ನ್ಯಾಯಾಧೀಶರು. ಹದಿನಾಲ್ಕನೆಯ ವಯಸ್ಸಿನಲ್ಲಿ ಮೂಳೆಯ ಸೋಂಕಿಗೆ ತುತ್ತಾದ ಬಾಲಕ ಎರಡು ವರ್ಷ ಹಾಸಿಗೆ ಹಿಡಿಯಬೇಕಾಯಿತು. ಎಳೆಯ ವಯಸ್ಸಿನವರ ಮೂಳೆರೋಗಕ್ಕೆ ಮುಂದೆ ಇವರ ಹೆಸರೇ ಬಂದುದು ಕಾಕತಾಳೀಯವಾದರೂ ಗಮನಾರ್ಹ. ಆಮ್ಹರ್ಸ್ಟ್ ಕಾಲೇಜಿನಲ್ಲಿ 1888ರಲ್ಲಿ ಪದವಿ ಪಡೆದು, ನ್ಯೂಯಾರ್ಕಿನಲ್ಲಿ ವೈದ್ಯಕೀಯ ವ್ಯಾಸಂಗವನ್ನು 1891ರಲ್ಲಿ ಪೂರೈಸಿದರು.

ವೃತ್ತಿಜೀವನ

1899ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾದರು. 1900ರಲ್ಲಿ ಕ್ಯಾಥರೀನ್ ಹಾಲ್‌ಸ್ಟೆಡ್ ಅವರನ್ನು ವಿವಾಹವಾದರು. ಕೆಲವೇ ವರ್ಷಗಳಲ್ಲಿ ಪತ್ನಿ ತೀರಿಕೊಂಡ ಬಳಿಕ ಯೂಯಿಂಗ್ ಬಹುಮಟ್ಟಿಗೆ ಪ್ರಯೋಗಾಲಯಕ್ಕೇ ತಮ್ಮನ್ನು ಒಪ್ಪಿಸಿಕೊಂಡರು.

ಗಣಿ ಉದ್ಯಮಿ ಜೇಮ್ಸ್ ಡಗ್ಲಾಸ್ ಅವರ ಪುತ್ರಿ ಸ್ತನ ಕ್ಯಾನ್ಸರಿನಿಂದ ಮೃತಪಟ್ಟಿದ್ದರು. ಡಗ್ಲಾಸ್ ನೀಡಿದ ಧನ ಮತ್ತು ರೇಡಿಯಂನ ನೆರವಿನಿಂದ ಯೂಯಿಂಗ್ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯನ್ನು ಕ್ಯಾನ್ಸರ್ ಚಿಕಿತ್ಸೆ ಹಾಗೂ ಸಂಶೋಧನೆಯ ಕೇಂದ್ರವಾಗಿ ರೂಪಿಸಿದರು. ಇಂದಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರ ಅದೇ ಸಂಸ್ಥೆ. 1919ರಲ್ಲಿ ಪ್ರಕಟವಾದ ಇವರ ಬೃಹದ್ಗ್ರಂಥ ‘ನಿಯೋಪ್ಲಾಸ್ಟಿಕ್ ಡಿಸೀಸಸ್’ ಗೆಡ್ಡೆಗಳ ಅಧ್ಯಯನಕ್ಕೆ ಭದ್ರ ತಳಹದಿ ಹಾಕಿತು. 1931ರ ಜನವರಿಯಲ್ಲಿ ‘ಟೈಮ್’ ಪತ್ರಿಕೆ ತನ್ನ ಮುಖಪುಟದಲ್ಲಿ ಇವರ ಚಿತ್ರವನ್ನು ಪ್ರಕಟಿಸಿತು.

ಯೂಯಿಂಗ್ ಸಾರ್ಕೋಮಾ

ಆ ಕಾಲದಲ್ಲಿ ಮೂಳೆ ಕ್ಯಾನ್ಸರ್ ಎಂದರೆ ಸಾಮಾನ್ಯವಾಗಿ ಆಸ್ಟಿಯೋಸಾರ್ಕೋಮಾ ಎಂದೇ ತಿಳಿಯಲಾಗುತ್ತಿತ್ತು. ಅದಕ್ಕೆ ರೇಡಿಯಂ ಚಿಕಿತ್ಸೆ ನಾಟುತ್ತಿರಲಿಲ್ಲ. ಮುಂಗೈ ಮೂಳೆಯಲ್ಲಿ ಗೆಡ್ಡೆಯಿದ್ದ 14 ವರ್ಷದ ಬಾಲಕಿಯೊಬ್ಬಳಲ್ಲಿ ಮಾತ್ರ ವಿಕಿರಣಕ್ಕೆ ಗೆಡ್ಡೆ ಕರಗಿತು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಒತ್ತೊತ್ತಾಗಿ ತುಂಬಿದ ಸಣ್ಣ ಜೀವಕೋಶಗಳು. ಹೊಸ ಮೂಳೆ ಬೆಳೆದ ಕುರುಹು ಇರಲಿಲ್ಲ. ಇಂಥವೇ ಇನ್ನೂ ಕೆಲವು ಪ್ರಕರಣಗಳನ್ನು ಸೇರಿಸಿ, 1920ರಲ್ಲಿ ನ್ಯೂಯಾರ್ಕಿನ ರೋಗಶಾಸ್ತ್ರ ಸಂಘದ ಮುಂದೆ ಇದು ಬೇರೆಯೇ ರೋಗವೆಂದು ಮಂಡಿಸಿದರು.

ಎಲ್ಲರೂ ಇದನ್ನು ಒಪ್ಪಲಿಲ್ಲ. ದೇಹದ ಬೇರೆಡೆ ಹುಟ್ಟಿದ ಕ್ಯಾನ್ಸರ್ ಮೂಳೆಗೆ ಹರಡಿದ್ದನ್ನೇ ಹೊಸ ರೋಗವೆಂದು ಭಾವಿಸಲಾಗಿದೆ ಎಂಬ ವಾದ ಹಲವು ದಶಕ ನಡೆಯಿತು. ಗೆಡ್ಡೆ ರಕ್ತನಾಳಗಳ ಒಳಪದರದಿಂದ ಹುಟ್ಟುತ್ತದೆಂಬ ಯೂಯಿಂಗ್ ಅವರ ವಿವರಣೆಯೂ ನಿಲ್ಲಲಿಲ್ಲ. ಆದರೆ ರೋಗದ ಪ್ರತ್ಯೇಕತೆಯ ಕುರಿತ ಅವರ ನಿರ್ಣಯ ಸರಿಯಾಗಿತ್ತು. ಎರಡು ರೋಗಗಳ ಚಿಕಿತ್ಸೆ ಬೇರೆಬೇರೆಯಾದುದರಿಂದ ಇದು ಬರಿಯ ಹೆಸರಿನ ಜಗಳವಾಗಿರಲಿಲ್ಲ.

ನಿಧನ

1939ರಲ್ಲಿ ನಿವೃತ್ತರಾದ ಯೂಯಿಂಗ್ 1943ರಲ್ಲಿ ನ್ಯೂಯಾರ್ಕಿನಲ್ಲಿ ಮೂತ್ರಕೋಶದ ಕ್ಯಾನ್ಸರಿನಿಂದ ನಿಧನರಾದರು.

ನಂತರದ ಸಂಶೋಧನೆ

ಈ ರೋಗದಲ್ಲಿ 11 ಮತ್ತು 22ನೆಯ ವರ್ಣತಂತುಗಳ ತುಣುಕುಗಳು ಅದಲುಬದಲಾಗಿರುವುದು 1983ರಲ್ಲಿ ತಿಳಿದುಬಂತು. ಹೀಗೆ ಎರಡು ವಂಶವಾಹಿಗಳು ಬೆಸೆದು ಹುಟ್ಟುವ ವಂಶವಾಹಿಯನ್ನು 1992ರಲ್ಲಿ ಗುರುತಿಸಲಾಯಿತು. ಅದರಿಂದ ತಯಾರಾಗುವ ಪ್ರೋಟೀನ್ ಅನೇಕ ವಂಶವಾಹಿಗಳ ಕಾರ್ಯವನ್ನು ಏರುಪೇರು ಮಾಡುತ್ತದೆ. ಅದನ್ನು ನೇರವಾಗಿ ತಡೆಯುವ ಔಷಧ ರೂಪಿಸುವುದು ಕಷ್ಟವಾದ್ದರಿಂದ, ಬೆಳೆಯಲು ಆದೇಶಿಸುವ ಸಂಕೇತಗಳು ಜೀವಕೋಶದೊಳಗೆ ಸಾಗುವ ಮಾರ್ಗಗಳನ್ನೇ ಮುಚ್ಚುವ ಪ್ರಯತ್ನ ಆರಂಭವಾಯಿತು. ಇನ್ಸುಲಿನ್ ಹೋಲುವ ಬೆಳವಣಿಗೆಯ ಅಂಶವೊಂದರ ಗ್ರಾಹಕವನ್ನು ತಡೆಯುವ ಪ್ರತಿಕಾಯಗಳು ಕೆಲವು ರೋಗಿಗಳಲ್ಲಿ ಗೆಡ್ಡೆಯನ್ನು ಗಣನೀಯವಾಗಿ ಕುಗ್ಗಿಸಿದವು. ಬಹುಪಾಲು ರೋಗಿಗಳಿಗೆ ಫಲ ಸಿಗಲಿಲ್ಲ; ಸಿಕ್ಕವರಲ್ಲೂ ರೋಗ ಹೆಚ್ಚಾಗಿ ಮರುಕಳಿಸಿತು. ಹಲವು ಗ್ರಾಹಕಗಳನ್ನು ಒಟ್ಟಿಗೆ ತಡೆಯುವ ಕ್ಯಾಬೋಜಾಂಟಿನಿಬ್, ರೆಗೊರಾಫೆನಿಬ್ ಮಾತ್ರೆಗಳು ಮರುಕಳಿಸಿದ ರೋಗದ ಬೆಳವಣಿಗೆಯನ್ನು ಕೆಲವರಲ್ಲಿ ಕೆಲಕಾಲ ತಡೆದಿವೆ. ಕೀಮೋಥೆರಪಿ, ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಇಂದಿಗೂ ಮುಖ್ಯ ಚಿಕಿತ್ಸೆಗಳು. ರೋಗ ಒಂದೇ ಕಡೆ ಇರುವಾಗ ಪತ್ತೆಯಾದರೆ ಸುಮಾರು ಶೇಕಡಾ 70ರಷ್ಟು ಮಂದಿ ಐದು ವರ್ಷಕ್ಕಿಂತ ಹೆಚ್ಚು ಬದುಕುತ್ತಾರೆ; ದೇಹದ ಬೇರೆ ಭಾಗಗಳಿಗೆ ಹರಡಿದ್ದರೆ ಈ ಪ್ರಮಾಣ ಅದರ ಅರ್ಧಕ್ಕಿಂತ ಕಡಿಮೆ.