ಹಂದಿ ಬ್ಯಾಂಕು ಕಟ್ಟಿದ ತಾಯಿ ಫ್ಯಾನಿ ಲೂ ಹೇಮರ್

ಸಹಕಾರ ಅಂದರೆ ಸಾಲ, ಗೊಬ್ಬರ, ಬೀಜ ಇಷ್ಟೇ ಅಂತ ತಿಳಿದವರು ಬಹಳ ಮಂದಿ. ಭೂಮಿ ಇಲ್ಲದವರು ಒಟ್ಟುಗೂಡಿ ಭೂಮಿಯನ್ನೇ ಕೊಂಡ ಚರಿತ್ರೆಯೂ ಇದೆ. ಅದಕ್ಕೆ ಮುಂದಾದವರು ಅಮೆರಿಕದ ಫ್ಯಾನಿ ಲೂ ಹೇಮರ್. ಅವರ ಜೀವನವನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ.

ಹೇಮರ್ 1917ರ ಅಕ್ಟೋಬರ್ 6ರಂದು ಮಿಸಿಸಿಪ್ಪಿ ರಾಜ್ಯದಲ್ಲಿ ಹುಟ್ಟಿದರು. ಇಪ್ಪತ್ತು ಮಕ್ಕಳಲ್ಲಿ ಕೊನೆಯವರು. ಅವರ ಹಿರಿಯರು ಗುಲಾಮರಾಗಿ ದುಡಿದ ಕಪ್ಪು ಜನ. 1865ರಲ್ಲಿ ಸೇನಾನಿ ಶೆರ್ಮನ್, ಬಿಡುಗಡೆಯಾದ ಗುಲಾಮರಿಗೆ ಸಮುದ್ರ ತೀರದ ಸೀಮೆಯಲ್ಲಿ ಕುಟುಂಬಕ್ಕೆ 40 ಎಕರೆವರೆಗೆ ಕೊಡಲು ಆಜ್ಞೆ ಮಾಡಿದ್ದ. ಅದೇ ವರ್ಷ ಅಧ್ಯಕ್ಷ ಜಾನ್ಸನ್ ಅದನ್ನು ರದ್ದು ಮಾಡಿ ಭೂಮಿಯನ್ನು ಹಳೇ ಒಡೆಯರಿಗೇ ತಿರುಗಿಸಿದ. ಹೀಗಾಗಿ ದುಡಿದವರು ಪಾಲಿನ ಬೇಸಾಯಗಾರರಾಗಿಯೇ ಉಳಿದರು.

ಹೇಮರ್ ಆರನೇ ವಯಸ್ಸಿಗೇ ಹತ್ತಿ ಬಿಡಿಸಲು ಹೊಲಕ್ಕಿಳಿದರು. ತಂದೆ ಹೇಗೋ ಕಾಸು ಕೂಡಿಸಿ ಹೇಸರಗತ್ತೆ, ಹಸು ಕೊಂಡರೆ ಅವಕ್ಕೆ ಬಿಳಿಯನೊಬ್ಬ ವಿಷ ಹಾಕಿದ. ಅದು ಎಂಥ ಪೆಟ್ಟು ಅಂತ ರೈತರಾದ ನಮಗೆ ಬಿಡಿಸಿ ಹೇಳಬೇಕಿಲ್ಲ.

1962ರಲ್ಲಿ ಅವರು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರು. 18 ವರ್ಷ ದುಡಿದಿದ್ದ ಜಮೀನಿನಿಂದ ಒಡೆಯ ಅದೇ ದಿನ ಹೊರಗೆ ಹಾಕಿದ. 1963ರಲ್ಲಿ ವಿನೋನಾ ಜೈಲಿನಲ್ಲಿ ಪೆಟ್ಟು ತಿಂದರು. ಆ ನೋವು ಕೊನೆತನಕ ಹೋಗಲಿಲ್ಲ. 1964ರಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾ ಅಧಿವೇಶನದಲ್ಲಿ ಇದನ್ನೆಲ್ಲ ದೇಶದ ಮುಂದೆ ಹೇಳಿ ಹೆಸರಾದರು.

ಆದರೆ ಅನ್ನ ಪರರ ಕೈಯಲ್ಲಿದ್ದರೆ ಮತ ಒಂದೇ ಸಾಲದು ಅಂತ ಅವರು ಕಂಡುಕೊಂಡಿದ್ದರು. ತಲೆಯೆತ್ತಿದವರನ್ನು ಹಸಿವಿನಿಂದಲೇ ಬಗ್ಗಿಸಬಹುದಿತ್ತು. ಅದಕ್ಕೇ 1968ರಲ್ಲಿ ನೀಗ್ರೋ ಮಹಿಳೆಯರ ರಾಷ್ಟ್ರೀಯ ಮಂಡಳಿಯ ನೆರವಿನಿಂದ ಹಂದಿ ಬ್ಯಾಂಕು ತೆರೆದರು. ಬಡ ಕುಟುಂಬಕ್ಕೆ ಗಬ್ಬದ ಹಂದಿ ಕೊಡುವುದು. ಈದ ಮೇಲೆ ಮರಿ ಅವರಿಗೆ, ತಾಯಿ ಹಂದಿ ಬ್ಯಾಂಕಿಗೆ ವಾಪಸ್ಸು.

1969ರಲ್ಲಿ ಸನ್‌ಫ್ಲವರ್ ಕೌಂಟಿಯಲ್ಲಿ 40 ಎಕರೆ ಕೊಂಡು ಫ್ರೀಡಂ ಫಾರ್ಮ್ ಸಹಕಾರ ಸಂಘ ಸ್ಥಾಪಿಸಿದರು. ಮುಂದೆ ಅದು 600 ಎಕರೆ ದಾಟಿತು. ತರಕಾರಿ, ಬಟಾಣಿ, ಅವರೆ ಜಾತಿಯ ಕಾಳು ಜನರ ಹೊಟ್ಟೆಗೆ. ಹತ್ತಿ, ಸೋಯಾ ಸಾಲ ತೀರಿಸುವುದಕ್ಕೆ. ಮನೆಗಳನ್ನೂ ಕಟ್ಟಿಸಿಕೊಟ್ಟರು.

ಸದಸ್ಯತ್ವಕ್ಕೆ ತಿಂಗಳಿಗೆ ಒಂದೇ ಡಾಲರ್. ಅದನ್ನೂ ಕೊಡಲಾರದ ಕುಟುಂಬಗಳೇ ಹೆಚ್ಚು. ದಾನದ ಹಣ ಕಡಿಮೆಯಾಯಿತು, ಹವಾಮಾನ ಕೈಕೊಟ್ಟಿತು, ಸಾಲ ಏರಿತು, ಹೇಮರ್ ಅವರ ಆರೋಗ್ಯವೂ ಕೆಟ್ಟಿತು. 1976ರ ಹೊತ್ತಿಗೆ ಭೂಮಿ ಕೈಬಿಟ್ಟಿತು. 1977ರ ಮಾರ್ಚ್ 14ರಂದು ಅವರು ತೀರಿಕೊಂಡರು.

ಪ್ರಶ್ನೆ ಮಾತ್ರ ತೀರಲಿಲ್ಲ. 1920ರಲ್ಲಿ ಒಂಬತ್ತು ಲಕ್ಷಕ್ಕೂ ಮಿಕ್ಕಿದ್ದ ಅಲ್ಲಿನ ಕಪ್ಪು ರೈತರು ಈಗ ಅರ್ಧ ಲಕ್ಷದ ಆಸುಪಾಸು. ಸರ್ಕಾರಿ ಸಾಲ ಕೊಡುವಾಗ ಭೇದ ಮಾಡಿದ್ದಕ್ಕೆ 1999ರಲ್ಲಿ ಪಿಗ್‌ಫೋರ್ಡ್ ಮೊಕದ್ದಮೆ ರಾಜಿಯಾಗಿ ಪರಿಹಾರ ಸಿಕ್ಕಿತು. ಹೋದ ಭೂಮಿ ಮಾತ್ರ ಹಣದಿಂದ ಮರಳಲಿಲ್ಲ. ತಲೆಮಾರುಗಟ್ಟಲೆ ಕೂಲಿಯಿಲ್ಲದೆ ಉತ್ತವರಿಗೆ ಭೂಮಿ ಕೊಡುವುದು ದಾನವಲ್ಲ, ಬಾಕಿ ತೀರಿಸುವುದು ಎಂದೇ ನಾವು ನಂಬಿದ್ದೇವೆ.

ಆ ಒಂದು ಡಾಲರಿನ ಕಥೆ ನಮಗೂ ಪಾಠ. ಷೇರು ಹಣ ಕಟ್ಟಲಾಗದ ಬಡವನನ್ನು ಹೊರಗಿಟ್ಟರೆ ಅದು ಸಹಕಾರವಲ್ಲ. ಕಟ್ಟಬಲ್ಲವರು ಕಟ್ಟದಿದ್ದರೆ ಸಂಘವೇ ಉಳಿಯುವುದಿಲ್ಲ.