ಅಳತೆ ಹಗ್ಗ ಹಿಡಿದ ವಜೀರ

ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಒಂದು ಬಸ್ಸು ಬೀದರಿಗೆ, ಇನ್ನೊಂದು ಕಲಬುರಗಿಗೆ, ಮತ್ತೊಂದು ಬಸವಕಲ್ಯಾಣಕ್ಕೆ. ನಮ್ಮಲ್ಲಿ ಬಹಳ ಮಂದಿ ಬೀದರಿಗೆ ಹೋಗಿ ಮಹಮೂದ್ ಗವಾನನ ಮದರಸಾ ಮುಂದೆ ಸೆಲ್ಫಿ ತಗೊಂಡು ಬಂದವರೇ. ಅದನ್ನು ಕಟ್ಟಿಸಿದವನು ಈ ಸೀಮೆಯ ಹೊಲ, ಪ್ಯಾಟಿ, ಕಂದಾಯಕ್ಕೆಲ್ಲ ಒಂದು ಲೆಕ್ಕ ಹಾಕಿಕೊಟ್ಟಿದ್ದ, ಅದಕ್ಕೇ ತಲೆ ಕಳಕೊಂಡ ಅನ್ನೋದು ಅಲ್ಲಿ ನಮಗೆ ಹೊಳೆಯಲಿಲ್ಲ.

ಗವಾನ್ ಪರ್ಷಿಯಾದ ಗಿಲಾನಿನವ, ವ್ಯಾಪಾರಿ. 1453ರ ಸುಮಾರಿಗೆ ದಾಭೋಳ್ ಬಂದರಿನಲ್ಲಿ ಇಳಿದು ಬೀದರಿಗೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. ಬಹಮನಿ ಸುಲ್ತಾನರ ನೌಕರಿ ಹಿಡಿದು, ಮೇಲೇರುತ್ತ ಹೋಗಿ ವಜೀರನಾದ. ಬಿರುದು ಮಾತ್ರ ವ್ಯಾಪಾರಿಗಳ ಒಡೆಯ ಅಂತ! 1472ರಲ್ಲಿ ಗೋವಾ ಗೆದ್ದ. ಕುದುರೆ ಬರುವ ಸಮುದ್ರದ ಬಾಗಿಲು ಬೀದರಿನ ಕೈಗೆ ಬಂತು. ಮದರಸಾ ಮುಗಿದದ್ದೂ ಅದೇ ವರ್ಷ. ಆ ಕಾಲದಲ್ಲಿ ಬೀದರಿಗೆ ಬಂದ ರಷ್ಯನ್ ವ್ಯಾಪಾರಿ ನಿಕಿಟಿನ್ ಆಳಂದದ ಜಾತ್ರೆಯಲ್ಲಿ ಕುದುರೆ ಮಾರಾಟದ ಭರಾಟೆ ಕಂಡು ಬೆರಗಾಗಿದ್ದ. ಅಮೀರರು ಮೆರೆಯೋದು, ಹಳ್ಳಿಯವರು ಬಡವಾಗಿರೋದು ಕೂಡ ಅವನ ಕಣ್ಣಿಗೆ ಬಿದ್ದಿತ್ತು.

ಆಮೇಲೆ ಬರ ಬಂತು. ಎರಡು ವರ್ಷ ಮಳೆ ಕೈಕೊಟ್ಟಿತು. ಮೂರನೇ ವರ್ಷ ಮಳೆ ಬಂದರೂ ಉಳೋರೇ ಇರಲಿಲ್ಲ. ಸತ್ತವರು ಸತ್ತರು, ಉಳಿದವರು ಮಾಳವ, ಗುಜರಾತಿನ ಕಡೆ ಗುಳೆ ಹೋಗಿದ್ದರು.

ಗವಾನ್ ನೆಲ ಅಳೆಸಿದ. ಊರೂರಿನ ಗಡಿ ಗುರುತಿಸಿ, ಅಳತೆಯ ಮೇಲೆ ಕಂದಾಯ ಕಟ್ಟಿಸಿದ. ಸರ್ವೇ ಕ್ಲಾಸಿನಲ್ಲಿ ಚೈನ್ ಎಳೆದವರಿಗೆ ಇದರ ಬೆಲೆ ಗೊತ್ತು: ಅಳತೆ ಇಲ್ಲದ ಹೊಲಕ್ಕೆ ಅಧಿಕಾರಿ ಬಾಯಿಗೆ ಬಂದದ್ದೇ ತೆರಿಗೆ. ನಾಲ್ಕು ದೊಡ್ಡ ಪ್ರಾಂತಗಳನ್ನು ಒಡೆದು ಎಂಟು ಮಾಡಿದ. ಒಬ್ಬ ಪ್ರಾಂತಾಧಿಕಾರಿಯ ಕೈಲಿ ಒಂದೇ ಕೋಟೆ, ಮಿಕ್ಕವಕ್ಕೆ ಕಿಲ್ಲೇದಾರರು ನೇರ ಬೀದರಿನಿಂದ. ಪ್ರತಿ ಪ್ರಾಂತದಲ್ಲೂ ಒಂದಿಷ್ಟು ನೆಲ ಸರ್ಕಾರದ ಖಾತೆಗೆ.

ಕಾಗದದ ಮೇಲೆ ಚೊಕ್ಕ ಯೋಜನೆ. ಆದರೆ ಯಾರ ಪಾಲು ಕಡಿಮೆ ಆಯ್ತೋ ಅವರು ಸುಮ್ಮನಿರ್ತಾರಾ? ತೆಲಂಗಾಣ ಎರಡು ಭಾಗವಾದದ್ದಕ್ಕೆ ಕೆರಳಿದ ಮಲಿಕ್ ಹಸನ್ ಮತ್ತವನ ಕಡೆಯವರು ಗವಾನನ ಮುದ್ರೆ ಇಟ್ಟುಕೊಂಡಿದ್ದವನಿಗೆ ಲಂಚ ಕೊಟ್ಟರು. ಖಾಲಿ ಕಾಗದಕ್ಕೆ ಮುದ್ರೆ ಬಿತ್ತು, ಒಡಿಶಾದ ಗಜಪತಿಗೆ ದಂಡೆತ್ತಿ ಬಾ ಎನ್ನುವ ಓಲೆ ತಯಾರಾಯ್ತು. ಕುಡಿದಿದ್ದ ಸುಲ್ತಾನ ಮೂರನೇ ಮುಹಮ್ಮದ್ ವಿಚಾರಣೆಯನ್ನೇ ಮಾಡಲಿಲ್ಲ. ಮುದ್ರೆ ನನ್ನದೇ, ಬರಹ ನನ್ನದಲ್ಲ ಅಂತ ಗವಾನ್ ಹೇಳಿದ್ದಷ್ಟೇ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯಲ್ಲಿ, 70ರ ಆಸುಪಾಸಿನ ಆ ಮುದುಕನ ತಲೆ ತೆಗೆದರು.

ಆಮೇಲೆ ಸುಲ್ತಾನ ಅವನ ಖಜಾನೆ ಹುಡುಕಿಸಿದ. ಸಿಕ್ಕಿದ್ದು ಅಷ್ಟಕ್ಕಷ್ಟೆ. ಜಹಗೀರಿನ ಹಣ ಸೈನಿಕರಿಗೆ, ಬಡವರಿಗೆ ಹೋಗಿತ್ತು. ಮನೆಖರ್ಚು ನಡೆದದ್ದು ಊರಿಂದ ತಂದ ವ್ಯಾಪಾರದ ಬಂಡವಾಳದ ಲಾಭದಿಂದ. ಮಲಗುತ್ತಿದ್ದದ್ದು ಚಾಪೆ ಮೇಲೆ.

ಮರುವರ್ಷ ಸುಲ್ತಾನನೂ ಸತ್ತ. ಪ್ರಾಂತಾಧಿಕಾರಿಗಳು ಒಬ್ಬೊಬ್ಬರಾಗಿ ಸ್ವತಂತ್ರರಾದರು: ಬಿಜಾಪುರ ಒಂದು ಕಡೆ, ಅಹಮದ್‌ನಗರ ಒಂದು ಕಡೆ, ಬೀದರು ಬರೀದರ ಕೈಗೆ. ಇವರೆಲ್ಲ ಮುಂದೆ ಕಲ್ಯಾಣದ ಕೋಟೆಗಾಗಿ ಕಾದಾಡುತ್ತ, ಒಬ್ಬರ ಕೈಯಿಂದ ಇನ್ನೊಬ್ಬರು ಕಸಿದುಕೊಳ್ಳುತ್ತ ಹೋದರು.